ಎರೆ ನೆಲದಲ್ಲಿ ಶಹಾಬಾದ್ ಕಲ್ಲಿನ ಏರುಮಡಿ

ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುವುದು, ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯುವುದು, ಇವೆರಡೂ ಕಲಬುರಗಿಯ ಎರೆ (ಕಪ್ಪು ಜಿಗುಟು ಮಣ್ಣಿನ) ನೆಲದಲ್ಲಿ ಕೈತೋಟ ಮಾಡುವವರಿಗೆ ತಪ್ಪಿದ್ದಲ್ಲ. ಏರುಮಡಿ, ಅಂದರೆ ಸುತ್ತ ಅಂಚು ಕಟ್ಟಿ ನೆಲಕ್ಕಿಂತ ಎತ್ತರಿಸಿದ ಮಡಿ, ಇದಕ್ಕೆ ಒಳ್ಳೆಯ ಉಪಾಯ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಫರಸಿ ಕಲ್ಲು (ನೆಲಕ್ಕೆ ಹಾಸುವ ಚಪ್ಪಟೆ ಶಹಾಬಾದ್ ಕಲ್ಲು) ಹತ್ತಿರದಲ್ಲೇ ಸಿಗುವಾಗ ಮಡಿಯ ಅಂಚು ಕಟ್ಟಲು ಬೇರೆ ಸಾಮಗ್ರಿ ಹುಡುಕಬೇಕಾಗಿಲ್ಲ.

ಮಡಿಯ ಅಗಲ 4 ಅಡಿ ಮೀರಬಾರದು. ಮೀರಿದರೆ ಎರಡೂ ಬದಿಯಿಂದ ಕೈಯಿಟ್ಟರೂ ನಡುವಿನ ಕಳೆ ಎಟುಕುವುದಿಲ್ಲ. 8 ಅಡಿ ಉದ್ದದ ಮಡಿಗೆ 2 ಅಡಿ ಚೌಕದ 12 ಕಲ್ಲು ಸಾಕು. ಪಾಲಿಶ್ ಮಾಡಿದ್ದು ಬೇಡ, ಒರಟು ಕಲ್ಲೇ ಇರಲಿ, ಆದರೆ ದಪ್ಪ ಒಂದೂವರೆ ಇಂಚಿಗೆ ಕಡಿಮೆಯಾಗದಿರಲಿ. ಪ್ರತಿ ಕಲ್ಲನ್ನೂ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡಬೇಕು: ಟಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಪದರ ಬಿಟ್ಟಿರುವ ಸಾಧ್ಯತೆ ಇದೆ.

ಕಲ್ಲಿಗಿಂತ ಹೆಚ್ಚು ಎಚ್ಚರ ಬೇಕಿರುವುದು ಬುಡದ ಕೆಲಸಕ್ಕೆ. ಎರೆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ, ಅದರಲ್ಲೇ ನೇರವಾಗಿ ನೆಟ್ಟ ಕಲ್ಲು ಒಂದೆರಡು ಮಳೆಗಾಲದಲ್ಲಿ ವಾಲತೊಡಗುತ್ತದೆ. ಆದ್ದರಿಂದ ಹಿಂಗಾರು ಮಳೆ ನಿಂತು ನೆಲ ಹದವಾಗಿರುವಾಗ, ಅಂಚಿನುದ್ದಕ್ಕೂ ಒಂದಡಿ ಅಗಲ, ಒಂದಡಿ ಆಳದ ಕಾಲುವೆ ತೋಡಿ, ತಳಕ್ಕೆ 4 ಇಂಚು ಗರಸು (ಕಲ್ಲುಹರಳಿನ ಒರಟು ಮಣ್ಣು) ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಅದರ ಮೇಲೆ ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ, ತಲೆಭಾಗ ಒಂದಿಷ್ಟು ಒಳಕ್ಕೆ ಬಾಗುವಂತೆ ಹಿಡಿದು, ಎರಡೂ ಬದಿಗೆ ಗರಸನ್ನೇ ತುಂಬಿ ಬಿಗಿಯಾಗಿ ಜಡಿಯಬೇಕು. ಹೀಗೆ 8 ಇಂಚು ನೆಲದೊಳಗೆ, 16 ಇಂಚು ಮೇಲೆ ಉಳಿಯುತ್ತದೆ. ಉದ್ದದ ಬದಿಗಳು ಹೊರಕ್ಕೆ ತಳ್ಳದಂತೆ ನಡುಮಧ್ಯೆ ಎದುರುಬದುರು ಕಲ್ಲುಗಳಿಗೆ ತೂತು ಕೊರೆಸಿ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬಿಗಿದರೆ ಇನ್ನೂ ಭದ್ರ. ಸಂದುಗಳಿಗೆ ಸಿಮೆಂಟ್ ಬಳಿಯುವುದು ಬೇಡ. ಹೆಚ್ಚಿನ ನೀರು ಅಲ್ಲಿಂದಲೇ ಹೊರಬೀಳಬೇಕು. ತಳಕ್ಕಂತೂ ಕಲ್ಲು ಹಾಸಲೇಬಾರದು.

ತುಂಬಲು ಸುಮಾರು 40 ಘನ ಅಡಿ ಮಣ್ಣು ಬೇಕಾಗುತ್ತದೆ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿದರೆ ಸಾಕು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಸುತ್ತಲಿನ ಎರೆಯೂ ಕ್ಷಾರಗುಣದ್ದೇ. ಆದ್ದರಿಂದ ಕ್ಷಾರ ಹೆಚ್ಚಿಸುವ ಒಲೆಯ ಬೂದಿ ಸುರಿಯಬಾರದು. ಎಳೆ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿದ್ದು ಮಿಕ್ಕ ಭಾಗ ಹಳದಿಯಾದರೆ ಅದು ಕ್ಷಾರ ಮಣ್ಣಿನಲ್ಲಿ ಕಾಣುವ ಕಬ್ಬಿಣದ ಕೊರತೆಯ ಗುರುತು.

ತುಂಬಿದ ಮಣ್ಣಿಗೆ ಎರಡು ಮೂರು ಬಾರಿ ನೀರುಣಿಸಿ, ಅದು ಕುಳಿತ ಮೇಲೆ ಮತ್ತಷ್ಟು ತುಂಬಿ, ಆಮೇಲೆ ಮೆಂತ್ಯೆ, ರಾಜಗಿರಿ, ಪುಂಡಿ ಬಿತ್ತಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಪಡುವಣ ಬದಿಯ ಕಲ್ಲು ಕೈಯಿಡಲಾಗದಷ್ಟು ಕಾಯುವುದರಿಂದ, ಆ ಅಂಚಿಗೆ ಎಳೆ ಸಸಿ ಹಚ್ಚದೆ, ಮಡಿಯ ಮೇಲೆಲ್ಲ ಎರಡಿಂಚು ತೊಗರಿ ಹೊಟ್ಟು ಹೊದಿಸಿ ಸಂಜೆ ಹೊತ್ತಿಗೆ ನೀರು ಬಿಡಬೇಕು.