ಎರಡು ಮನೆಗೆ ಒಬ್ಬರೇ ಆಯಾ: ಪಗಾರ ಹಂಚಿಕೊಳ್ಳುವ ಲೆಕ್ಕ

ಕಲಬುರಗಿಯಲ್ಲಿ ಕೂಸು ನೋಡಿಕೊಳ್ಳಲು ಆಯಾ ಹುಡುಕುವಾಗ ಎಲ್ಲರೂ ಮೊದಲು ವಿಚಾರಿಸುವುದು ತಿಂಗಳ ಪಗಾರ. ಖರ್ಚು ಅಷ್ಟಕ್ಕೇ ನಿಲ್ಲುವುದಿಲ್ಲ. ವರ್ಷಕ್ಕೆ 13 ಪಗಾರ ಹಿಡಿಯಿರಿ: 12 ತಿಂಗಳ ದುಡಿಮೆಯದು, ಒಂದು ಹಬ್ಬದ ಬೋನಸ್. ಮಧ್ಯಾಹ್ನದ ಊಟ, ಎರಡು ಹೊತ್ತಿನ ಚಹಾ ಬೇರೆ. ಬಸ್ಸಿನ ಖರ್ಚು ಮಾತ್ರ ಉಳಿತಾಯವಾಗಿದೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಿಟಿ ಬಸ್ ಉಚಿತ. ಕತ್ತಲಾದ ಮೇಲೆ ಕಳಿಸುವುದಾದರೆ ಆಟೋದ ದುಡ್ಡು ನೀವೇ ಕೊಡಬೇಕು.

ಈ ಭಾರ ಇಳಿಸಿಕೊಳ್ಳಲು ಒಂದೇ ಕಾಲೋನಿಯ ಎರಡು ಮನೆಯವರು ಸೇರಿ ಒಬ್ಬ ಆಯಾ ಇಟ್ಟುಕೊಳ್ಳಬಹುದು. ಇದರಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ, ಒಂದು ಕೂಸಿನ ಪಗಾರವನ್ನೇ ಅರ್ಧರ್ಧ ಮಾಡುವುದು. ಕೆಲಸ ಎರಡರಷ್ಟಾಗಿ ಕೂಲಿ ಅಷ್ಟೇ ಇದ್ದರೆ ಆಯಾ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ.

ಮೊದಲು ಪಗಾರ ಏರಿಸಿ, ಆಮೇಲೆ ಹಂಚಿ. ಲೆಕ್ಕಕ್ಕೆ ಒಂದು ಕೂಸಿಗೆ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಎರಡನೆಯದು ಸೇರಿದಾಗ ಮೂರನೇ ಒಂದು ಪಾಲು ಹೆಚ್ಚಿಸಿದರೆ 12,000. ಒಂದು ಕೂಸು ದಿನಕ್ಕೆ 9 ತಾಸು, ಇನ್ನೊಂದು 5 ತಾಸು ಇದ್ದರೆ ಒಟ್ಟು 14 ತಾಸು. ತಾಸಿನ ಲೆಕ್ಕದಲ್ಲಿ ಹಂಚಿದರೆ ಮೊದಲ ಮನೆಯ ಪಾಲು ಸುಮಾರು 7,700, ಎರಡನೆಯವರದು 4,300. ಬೋನಸ್ಸನ್ನೂ ಇದೇ ಅಳತೆಯಲ್ಲಿ ಹಂಚಿಕೊಳ್ಳಿ. ಎರಡೂ ಕೂಸು ವರ್ಷದೊಳಗಿನವಾದರೆ ಈ ವ್ಯವಸ್ಥೆಯೇ ಬೇಡ. ಒಂದಕ್ಕೆ ಹಾಲು ಕುಡಿಸುವಾಗ ಇನ್ನೊಂದು ಅತ್ತರೆ ಎತ್ತಿಕೊಳ್ಳಲು ಇನ್ನೊಬ್ಬರ ಕೈ ಇರುವುದಿಲ್ಲ.

ಕೂಸುಗಳು ಯಾರ ಮನೆಯಲ್ಲಿ ಇರುತ್ತವೋ ಅವರ ಖರ್ಚನ್ನು ಪಗಾರದ ಜೊತೆ ಬೆರೆಸಬೇಡಿ, ಬೇರೆ ಬರೆದಿಡಿ. ನಮ್ಮ ಬೇಸಿಗೆಯಲ್ಲಿ ಇದರ ಮುಖ್ಯ ಬಾಬ್ತು ಕೂಲರ್. 200 ವ್ಯಾಟ್‌ನ ಕೂಲರ್ ದಿನಕ್ಕೆ 8 ತಾಸು ಓಡಿದರೆ 1.6 ಯೂನಿಟ್, 26 ದಿನಕ್ಕೆ ಸುಮಾರು 42 ಯೂನಿಟ್. ಗೃಹಜ್ಯೋತಿಯಲ್ಲಿ ಆ ಮನೆಗೆ ಗೊತ್ತುಮಾಡಿದ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ಮೈಮೇಲೆ ಬರುತ್ತದೆ. ಜೆಸ್ಕಾಂ ಬಿಲ್ಲಿನಲ್ಲಿ ಹೆಚ್ಚಾದದ್ದನ್ನು ಎರಡು ಮನೆಯವರೂ ಸಮ ಹಂಚಿಕೊಳ್ಳುವುದು ನ್ಯಾಯ.

ರಜೆಯ ಮಾತು ಮೊದಲೇ ಆಗಲಿ. ವಾರಕ್ಕೊಂದು ದಿನ, ವರ್ಷಕ್ಕೆ 12 ದಿನ ಪಗಾರ ಹಿಡಿಯದ ರಜೆ ಕೊಡಿ. ಎಳ್ಳ ಅಮಾವಾಸ್ಯೆ, ಶರಣಬಸವೇಶ್ವರರ ಜಾತ್ರೆ, ಉರುಸು, ರಂಜಾನ್, ಇವುಗಳಲ್ಲಿ ಅವರಿಗೆ ಯಾವುದು ಬೇಕು ಎಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಳ್ಳಿಯಲ್ಲಿ ಹೊಲ ಇರುವವರಾದರೆ ತೊಗರಿ ರಾಶಿಯ ಹಂಗಾಮಿನಲ್ಲಿ ಎಷ್ಟು ದಿನ ಹೋಗುತ್ತಾರೆಂದೂ ಕೇಳಿಕೊಳ್ಳಿ. ನೀವು ಮೇ ತಿಂಗಳು ತವರಿಗೆ ಹೋದರೂ ನಿಮ್ಮ ಪಾಲಿನ ಪಗಾರ ಕೊಡಲೇಬೇಕು, ಅದನ್ನು ನಿಲ್ಲಿಸಿದರೆ ಪೆಟ್ಟು ಬೀಳುವುದು ಆಯಾಗೆ. ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತನ್ನ ಮನೆಯಲ್ಲೇ ಇರಲಿ. ಆ ದಿನಕ್ಕೂ ಪಗಾರ ಕಡಿಯುವಂತಿಲ್ಲ.

ಕೂಸಿನ ಊಟ, ಅದರ ಬಟ್ಟೆ, ಬಾಟಲಿ ತೊಳೆಯುವುದು ಆಯಾ ಕೆಲಸ. ಮನೆಯ ಮುಸುರೆ, ಕಸ ಅಲ್ಲ. ಕೂಸು ಮಲಗಿದಾಗ "ಅಕ್ಕಾ, ನಾಲ್ಕು ರೊಟ್ಟಿ ಬಡಿದುಬಿಡ್ರಿ" ಎಂದು ಶುರುವಾದದ್ದು ದಿನದ ಪದ್ಧತಿಯಾಗುತ್ತದೆ. ಪಗಾರದಲ್ಲಿ ಪಾಲು ಕೊಡುವ ಇನ್ನೊಂದು ಮನೆಯವರಿಗೆ ಅದು ಚುಚ್ಚುತ್ತದೆ, ಕೂಸಿನ ಮೇಲಿನ ಕಣ್ಣೂ ತಪ್ಪುತ್ತದೆ.

ತಾಯಿ ಕೆಲಸಕ್ಕೆ ಮರಳುವ ಮುಂಚಿನ ಒಂದು ವಾರ, ಮನೆಯಲ್ಲಿ ದೊಡ್ಡವರು ಇರುವಾಗಲೇ, ಪಗಾರ ಕೊಟ್ಟು ಆಯಾನ ಕರೆಸಿ. ಹೆರಿಗೆ ರಜೆ 26 ವಾರ ಇರುವವರು ರಜೆಯ ನಾಲ್ಕನೇ ತಿಂಗಳಿಂದಲೇ ಹುಡುಕಲಿ. 50 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂಬ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಂತು. ಆಫೀಸಿನಲ್ಲಿ ಅದನ್ನೂ ಕೇಳಿ ನೋಡಿ.

ಪಗಾರ ಬ್ಯಾಂಕ್ ಖಾತೆಗೆ ಹಾಕಿ. ಅದೇ ಖಾತೆಯಿಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಹೆಸರು ಹಚ್ಚಿಸಿ, ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಕೈಗಡ ಕೊಟ್ಟರೆ ಯಾವ ಮನೆಯವರು ಎಷ್ಟು ಕೊಟ್ಟರೆಂದು ಒಂದೇ ನೋಟ್‌ಬುಕ್ಕಿನಲ್ಲಿ ಬರೆದು, ತಿಂಗಳಿಗೆ 1,000ಕ್ಕಿಂತ ಹೆಚ್ಚು ಮುರಿದುಕೊಳ್ಳಬೇಡಿ. ಒಂದು ಮನೆಯವರು ಬಿಡುವುದಾದರೆ ತಿಂಗಳು ಮೊದಲು ಹೇಳಬೇಕು, ಇಲ್ಲವೇ ತಮ್ಮ ಪಾಲಿನ ಒಂದು ತಿಂಗಳ ಪಗಾರ ಆಯಾ ಕೈಗೆ ಕೊಟ್ಟು ಹೋಗಬೇಕು.