ಅನುಭವ ಇದೆ, ಸರ್ಟಿಫಿಕೇಟ್ ಇಲ್ಲ: ಫೈರ್ ಸೇಫ್ಟಿ ಅಸೆಸರ್‌ಗಳು ಏನು ಮಾಡಬೇಕು?

ಕಟ್ಟಡದೊಳಗೆ ಕಾಲಿಟ್ಟ ಕೂಡಲೇ ನಿಮ್ಮ ಕಣ್ಣು ಮೆಟ್ಟಿಲಿನ ಕಡೆ ಹೋಗುತ್ತದೆ. ಆಮೇಲೆ ಬಾಗಿಲ ಮೇಲಿನ ಕ್ಲೋಸರ್, ಅಂದರೆ ಬಾಗಿಲನ್ನು ತಾನೇ ಎಳೆದು ಮುಚ್ಚುವ ಸಾಧನ. ಆಮೇಲೆ ಫಾಲ್ಸ್ ಸೀಲಿಂಗ್‌ನಲ್ಲಿ ಜಾರಿಕೊಂಡ ಒಂದು ಟೈಲ್, ಅದರ ಹಿಂದೆ ಕೇಬಲ್ ಹಾಯಿಸಲು ಕೊರೆದು ಹಾಗೇ ಬಿಟ್ಟ ತೂತು. ಪಕ್ಕದಲ್ಲಿರುವ ಮ್ಯಾನೇಜರ್ ಇನ್ನೂ ತಮ್ಮ ಪರಿಚಯ ಹೇಳಿ ಮುಗಿಸಿರುವುದಿಲ್ಲ, ನಿಮ್ಮ ತಲೆಯಲ್ಲಿ ಅರ್ಧ ವರದಿ ತಯಾರಾಗಿರುತ್ತದೆ. ಕಟ್ಟಡಗಳಲ್ಲಿ ಬೆಂಕಿಯ ಅಪಾಯ ಎಷ್ಟಿದೆ ಅಂತ ಅಳೆಯುವ ಕೆಲಸವನ್ನು ಹದಿನೈದು-ಇಪ್ಪತ್ತು ವರ್ಷ ಮಾಡಿದವರಿಗೆ ಇದೇನು ದೊಡ್ಡ ವಿಷಯ ಅಲ್ಲ.

ಆದರೆ ಹೊಸ ಟೆಂಡರ್‌ನ ಕೊನೆಯ ಪುಟದಲ್ಲಿ ಒಂದು ಸಾಲು ಇರುತ್ತದೆ: ‘ಮೌಲ್ಯಮಾಪಕರ ಅರ್ಹತಾ ಪ್ರಮಾಣಪತ್ರ ಲಗತ್ತಿಸಿ.’ ಲಗತ್ತಿಸಲು ಕೈಯಲ್ಲಿ ಏನೂ ಇಲ್ಲ. ನಿನ್ನೆ ಮೊನ್ನೆ ಕೋರ್ಸ್ ಮುಗಿಸಿದ ಹುಡುಗನ ಬಳಿ ಇದೆ. ಸಿಟ್ಟು ಬರುತ್ತದೆ, ಅಲ್ವಾ?

ಬರಲಿ. ಆದರೆ ಕೇಳುವವರಿಗೂ ಕಾರಣ ಇದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ 2017ರ ಜೂನ್ 14ರಂದು ಬೆಂಕಿ ಬಿದ್ದು 72 ಜನ ಸತ್ತರು. ಆ ಕಟ್ಟಡದ ಅಪಾಯ ಮೌಲ್ಯಮಾಪನ ಮಾಡಿದ್ದವರು ತಮ್ಮ ಅನುಭವ, ಅರ್ಹತೆಗಳ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದರು, ಕೆಲವು ಅರ್ಹತೆಗಳನ್ನು ತಾವೇ ಹುಟ್ಟುಹಾಕಿದ್ದರು ಎಂದು 2024ರ ಸೆಪ್ಟೆಂಬರ್‌ನಲ್ಲಿ ಬಂದ ವಿಚಾರಣೆಯ ಅಂತಿಮ ವರದಿ ಹೇಳಿತು. ಮೌಲ್ಯಮಾಪಕರಿಗೆ ಮಾನ್ಯತೆ ಕಡ್ಡಾಯ ಮಾಡಿ ಎಂದೂ ಅದು ಶಿಫಾರಸು ಮಾಡಿತು. ‘ನನಗೆ ಗೊತ್ತು, ನಂಬಿ’ ಅನ್ನುವ ಮಾತು ಇಂಥದ್ದೆಲ್ಲ ಓದಿದವರ ಮುಂದೆ ನಡೆಯುವುದಿಲ್ಲ.

ಹಾಗಂತ ನೀವು ಒಂದನೇ ಕ್ಲಾಸಿನಿಂದ ಶುರು ಮಾಡಬೇಕಿಲ್ಲ. ಈಗಾಗಲೇ ಕಲಿತದ್ದಕ್ಕೆ ಮಾನ್ಯತೆ ಕೊಡುವ ದಾರಿ ಬಹಳ ಕಡೆ ಇದೆ. ಆರ್‌ಪಿಎಲ್ (ರೆಕಗ್ನಿಷನ್ ಆಫ್ ಪ್ರಯರ್ ಲರ್ನಿಂಗ್) ಎಂದು ಕರೆಯುತ್ತಾರೆ. ಕ್ಲಾಸಿನಲ್ಲಿ ಕೂರುವ ಬದಲು, ಮಾಡಿದ ಕೆಲಸವನ್ನೇ ಪುರಾವೆಯಾಗಿ ಕೊಡುವ ವ್ಯವಸ್ಥೆ ಇದು. ಒಂದು ಎಚ್ಚರಿಕೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಅಲ್ಲಿ ಎಷ್ಟು ವರ್ಷ ಕೆಲಸ ಮಾಡಿದಿರಿ ಅಂತ ಜಾಸ್ತಿ ಕೇಳುವುದಿಲ್ಲ. ಯಾಕೆ ಹಾಗೆ ನಿರ್ಧಾರ ಮಾಡಿದಿರಿ ಅಂತ ಕೇಳುತ್ತಾರೆ. ಅನುಭವಿಗಳು ಎಡವುವುದು ಅಲ್ಲೇ.

ಮೊದಲು, ಬೇಕಿರುವ ಕಾಗದ ಯಾವುದು?

ಮೂರು ಬೇರೆ ಬೇರೆ ಕಾಗದಗಳನ್ನು ಜನ ‘ಸರ್ಟಿಫಿಕೇಟ್’ ಅಂತ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಒಂದು, ಶೈಕ್ಷಣಿಕ ಅರ್ಹತೆ. ಕೋರ್ಸಿನ ಡಿಪ್ಲೊಮಾ ಥರದ್ದು. ಒಮ್ಮೆ ಬಂದರೆ ನಿಮ್ಮದೇ. ಎರಡನೆಯದು ಸಾಮರ್ಥ್ಯದ ಪ್ರಮಾಣೀಕರಣ. ಒಂದು ಸಂಸ್ಥೆ ನಿಮ್ಮನ್ನು ಪರೀಕ್ಷಿಸಿ, ಇಷ್ಟು ವರ್ಷ ಅಂತ ಅವಧಿ ಹಾಕಿ ಕೊಡುತ್ತದೆ. ಅವಧಿ ಮುಗಿದರೆ ಮತ್ತೆ ನವೀಕರಣ. ಇಂಥ ಸಂಸ್ಥೆಗಳು ಹೇಗೆ ನಡೆಯಬೇಕು ಅನ್ನುವುದಕ್ಕೇ ಐಎಸ್‌ಒ/ಐಇಸಿ 17024 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಮೂರನೆಯದು ವೃತ್ತಿ ಸಂಸ್ಥೆಯ ಸದಸ್ಯತ್ವ, ಅಥವಾ ಅದರ ರಿಜಿಸ್ಟರ್‌ನಲ್ಲಿ ಹೆಸರು. 1918ರಲ್ಲಿ ಶುರುವಾದ ಇನ್‌ಸ್ಟಿಟ್ಯೂಷನ್ ಆಫ್ ಫೈರ್ ಎಂಜಿನಿಯರ್ಸ್ ಇಂಥದ್ದೊಂದು. ಅದು ಪರೀಕ್ಷೆಯನ್ನೂ ನಡೆಸುತ್ತದೆ, ಅಪಾಯ ಮೌಲ್ಯಮಾಪಕರ ರಿಜಿಸ್ಟರನ್ನೂ ಇಟ್ಟಿದೆ.

ಸುರಕ್ಷತಾ ಪರೀಕ್ಷೆಗಳನ್ನು ನಡೆಸುವ ಬ್ರಿಟನ್ನಿನ ಸಂಸ್ಥೆ ನೆಬಾಷ್‌ನ ಫೈರ್ ಸರ್ಟಿಫಿಕೇಟ್ ಮೊದಲ ಗುಂಪಿನದು. ಅದರಲ್ಲಿ ನಿಜವಾದ ಕೆಲಸದ ಜಾಗವೊಂದರ ಮೌಲ್ಯಮಾಪನವನ್ನು ನೀವೇ ಮಾಡಿ ಒಪ್ಪಿಸಬೇಕು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಕೊಡುವ ಸಿಎಫ್‌ಪಿಎಸ್ (ಸರ್ಟಿಫೈಡ್ ಫೈರ್ ಪ್ರೊಟೆಕ್ಷನ್ ಸ್ಪೆಷಲಿಸ್ಟ್) ಎರಡನೇ ಗುಂಪಿನದು. ಅದಕ್ಕೆ ಓದಿನ ಜೊತೆ ಅನುಭವದ ವರ್ಷವನ್ನೂ ಲೆಕ್ಕ ಹಾಕುತ್ತಾರೆ.

ಒಂದು ದಿನ ಕೂತು ಎದ್ದು ಬಂದಿದ್ದಕ್ಕೆ ಕೊಡುವ ಹಾಜರಾತಿ ಪತ್ರ ಈ ಮೂರರಲ್ಲಿ ಯಾವುದೂ ಅಲ್ಲ. ಗೋಡೆಗೆ ಚೆಂದ ಕಾಣುತ್ತದೆ, ಅಷ್ಟೇ.

ಆದ್ದರಿಂದ ದುಡ್ಡು ಕಟ್ಟುವ ಮೊದಲು ನಿಮಗೆ ಕೆಲಸ ಕೊಡುವವರನ್ನೇ ಕೇಳಿ: ಮೂರರಲ್ಲಿ ನಿಮಗೆ ಬೇಕಾದ್ದು ಯಾವುದು? ಕೋರ್ಸ್ ಕೊಡುವವರಿಗೆ ಇನ್ನೊಂದು ಪ್ರಶ್ನೆ: ನಿಮಗೆ ಮಾನ್ಯತೆ ಕೊಟ್ಟವರು ಯಾರು? ಉತ್ತರ ಸುತ್ತಿ ಬಳಸಿ ಬಂದರೆ ಎದ್ದು ಬನ್ನಿ.

ಮಟ್ಟ ಆರಿಸುವಾಗ ಜಂಬ ಬೇಡ

ಬ್ರಿಟನ್ನಿನಲ್ಲಿ 2025ರಲ್ಲಿ ಬಂದ ಬಿಎಸ್ 8674 ಎಂಬ ಮಾನದಂಡ ಮೌಲ್ಯಮಾಪಕರನ್ನು ಮೂರು ಮಟ್ಟಕ್ಕೆ ಹಂಚುತ್ತದೆ: ಬುನಾದಿ, ನಡು, ಮೇಲು. ಹೆಸರು ಏನೇ ಇರಲಿ, ಹಿಂದಿನ ತರ್ಕ ಎಲ್ಲ ಕಡೆಗೂ ಸರಿಹೊಂದುತ್ತದೆ. ಸರಳ ಕಟ್ಟಡಕ್ಕೆ ಬೇಕಾದ ತಿಳಿವಳಿಕೆ ಬೇರೆ, ರೋಗಿಗಳನ್ನು ಹಾಸಿಗೆ ಸಮೇತ ಸಾಗಿಸಬೇಕಾದ ಆಸ್ಪತ್ರೆಗೆ ಬೇಕಾದ್ದು ಬೇರೆ.

ಇಪ್ಪತ್ತು ವರ್ಷದ ಅನುಭವಿ ನೇರ ಮೇಲಿನ ಮಟ್ಟಕ್ಕೇ ಅರ್ಜಿ ಹಾಕುತ್ತಾರೆ. ನನ್ನ ಮಾತು ಕೇಳಿ: ನಿಮ್ಮ ಫೈಲ್ ಯಾವ ಬಗೆಯ ಕಟ್ಟಡದಲ್ಲಿ ದಪ್ಪ ಇದೆಯೋ ಆ ಮಟ್ಟಕ್ಕೆ ಹಾಕಿ. ಇಪ್ಪತ್ತು ವರ್ಷವೂ ಗೋದಾಮು, ಸಣ್ಣ ಆಫೀಸು ನೋಡಿದವರಿಗೆ ಎತ್ತರದ ವಸತಿ ಕಟ್ಟಡದ ಪ್ರಶ್ನೆ ಬಂದರೆ ಬೆವರು ಇಳಿಯುತ್ತದೆ. ಕೆಳಗಿನ ಮಟ್ಟ ಪಡೆದು ಆಮೇಲೆ ಏರಬಹುದು.

ಸಿಲಬಸ್ ಪಕ್ಕ ನಿಮ್ಮ ಕೆಲಸ ಇಟ್ಟು ನೋಡಿ

ಕೋರ್ಸಿನ ಕಲಿಕಾ ಅಂಶಗಳ ಪಟ್ಟಿ ಪ್ರಿಂಟ್ ತೆಗೆಯಿರಿ. ಎಡಗಡೆ ಅದು, ಬಲಗಡೆ ಖಾಲಿ ಜಾಗ. ಪ್ರತಿ ಅಂಶದ ಎದುರು ನಿಮ್ಮ ಯಾವ ವರದಿ, ಯಾವ ಫೋಟೊ, ಯಾವ ಫೈರ್ ಡ್ರಿಲ್ ದಾಖಲೆ ಅದನ್ನು ತೋರಿಸುತ್ತದೆ ಅಂತ ಬರೆಯಿರಿ. ಒಂದೇ ವರದಿ ಐದಾರು ಅಂಶಕ್ಕೆ ಬರಬಹುದು, ತಪ್ಪಿಲ್ಲ. ಖಾಲಿ ಉಳಿದ ಜಾಗ ಇದೆಯಲ್ಲ, ನೀವು ಓದಬೇಕಾದ್ದು ಅಷ್ಟೇ. ಈ ಕೆಲಸಕ್ಕೆ ಒಂದೆರಡು ಸಂಜೆ ಹಿಡಿಯುತ್ತದೆ. ಬೇಸರದ ಕೆಲಸ, ಆದರೆ ಬಿಟ್ಟರೆ ಮುಂದೆ ನೂರು ಪುಟ ಸುಮ್ನೆ ಸೇರಿಸುತ್ತೀರಿ.

ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ.

ಹಳೆಯ ವರದಿಯೊಂದನ್ನು ತೆಗೆಯಿರಿ. ಅದರಲ್ಲಿ ಹೀಗೊಂದು ಸಾಲು ಇದೆ ಅಂದುಕೊಳ್ಳೋಣ: ‘ಎರಡನೇ ಮಹಡಿಯ ಮೆಟ್ಟಿಲ ಬಾಗಿಲು ದುರಸ್ತಿ ಮಾಡಿ. ಆದ್ಯತೆ: ಹೆಚ್ಚು.’ ಮಾಲೀಕರಿಗೆ ಇಷ್ಟು ಸಾಕು. ನಿಮ್ಮನ್ನು ಪರೀಕ್ಷಿಸುವವರಿಗೆ ಸಾಲದು. ಆ ಬಾಗಿಲ ಮುಂದೆ ನಿಂತಾಗ ನಿಮ್ಮ ತಲೆಯಲ್ಲಿ ಏನೇನು ಓಡಿತ್ತು, ನೆನಪು ಮಾಡಿಕೊಳ್ಳಿ.

ಕಟ್ಟಡಕ್ಕೆ ಇದ್ದದ್ದು ಒಂದೇ ಮೆಟ್ಟಿಲು. ಮೇಲಿನ ಮಹಡಿಗಳಲ್ಲಿ ಜನ ರಾತ್ರಿ ಮಲಗುತ್ತಿದ್ದರು. ಬಾಗಿಲಿನ ಕ್ಲೋಸರ್ ವಿಪರೀತ ಬಿಗಿ ಇತ್ತು. ತಳ್ಳಿ ತಳ್ಳಿ ಸಾಕಾಗಿ ಯಾರೋ ಬೆಂಕಿ ಆರಿಸುವ ಸಿಲಿಂಡರನ್ನೇ ಒತ್ತಿಟ್ಟು ಬಾಗಿಲು ತೆರೆದಿಟ್ಟಿದ್ದರು. ಅದೇ ಮಹಡಿಯಲ್ಲಿ ಅಡುಗೆ ಕೋಣೆ ಇತ್ತು. ಅಲ್ಲಿ ಬೆಂಕಿ ಹತ್ತಿದರೆ ಹೊಗೆ ಸೀದಾ ಮೆಟ್ಟಿಲಿಗೆ ಬರುತ್ತದೆ. ಮೇಲಿನವರು ಏಳುವಷ್ಟರಲ್ಲಿ ದಾರಿ ಮುಚ್ಚಿರುತ್ತದೆ. ಅಂದರೆ ಇದು ಬಾಗಿಲಿನ ದೋಷ ಅಲ್ಲ, ಮೇಲಿನವರೆಲ್ಲರ ಏಕೈಕ ದಾರಿಯ ದೋಷ. ಆದ್ಯತೆ ‘ಹೆಚ್ಚು’ ಆದದ್ದು ಅದಕ್ಕೆ.

ಪರಿಹಾರವನ್ನೂ ನೀವು ತೂಗಿ ನೋಡಿದ್ದಿರಿ. ಸಿಲಿಂಡರ್ ತೆಗೆಸಿ ಬೋರ್ಡ್ ಹಾಕಿದರೆ? ಮುಂದಿನ ವಾರ ಮತ್ತೆ ಅಲ್ಲೇ ಇರುತ್ತದೆ, ಬಿಗಿ ಕ್ಲೋಸರ್ ಹಾಗೇ ಇದೆಯಲ್ಲ. ಹೊಸ ಬಾಗಿಲು ಹಾಕಿಸಿದರೆ? ಬೇಕಿಲ್ಲ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಸರಿ ಇತ್ತು, ಬಿಸಿಗೆ ಉಬ್ಬಿ ಸಂದು ಮುಚ್ಚುವ ಪಟ್ಟಿಯೂ ಚೆನ್ನಾಗಿತ್ತು. ಕ್ಲೋಸರ್ ಅವತ್ತೇ ಸಡಿಲ ಮಾಡಿಸುವುದು ಒಂದು. ಬಾಗಿಲನ್ನು ತೆರೆದು ಹಿಡಿದಿಟ್ಟು, ಅಲಾರಾಂ ಬಡಿದ ಕೂಡಲೇ ಮುಚ್ಚಿಕೊಳ್ಳಲು ಬಿಟ್ಟುಬಿಡುವ ಮ್ಯಾಗ್ನೆಟ್ ಹಾಕಿಸುವುದು ಇನ್ನೊಂದು. ಆದರೆ ಅದಕ್ಕೆ ಹೊಗೆ ಗುರುತಿಸುವ ಡಿಟೆಕ್ಟರ್ ಸರಿಯಾದ ಜಾಗದಲ್ಲಿ ಇರಬೇಕು. ಅಲ್ಲಿಯವರೆಗೆ ಸಿಬ್ಬಂದಿ ದಿನಾ ರಾತ್ರಿ ಒಮ್ಮೆ ಬಾಗಿಲು ನೋಡಬೇಕು.

ಇಷ್ಟನ್ನೂ ನೀವು ಎರಡು ನಿಮಿಷದಲ್ಲಿ ಯೋಚಿಸಿದ್ದೀರಿ. ಬರೆದದ್ದು ಎಂಟೇ ಪದ.

ಬರೆಯದೇ ಉಳಿದದ್ದಕ್ಕೇ ಅಂಕ ಇರುವುದು. ಆದ್ದರಿಂದ ಪ್ರತಿ ವರದಿಗೂ ಒಂದೆರಡು ಪುಟದ ಟಿಪ್ಪಣಿ ಬರೆಯಿರಿ. ಏನು ನೋಡಿದೆ, ಯಾರಿಗೆ ಅಪಾಯ, ಯಾವ ದಾರಿಗಳನ್ನು ತೂಗಿದೆ, ಯಾವುದನ್ನು ಯಾಕೆ ಬಿಟ್ಟೆ. ಟಿಪ್ಪಣಿಗೆ ಇವತ್ತಿನ ದಿನಾಂಕವನ್ನೇ ಹಾಕಿ. ಹಳೆಯ ವರದಿಯನ್ನು ಮಾತ್ರ ಮುಟ್ಟಬೇಡಿ. ಇನ್ನಷ್ಟು ಚೆಂದ ಮಾಡೋಣ ಅಂತ ಹಳೇ ದಿನಾಂಕದಲ್ಲಿ ತಿದ್ದಿದರೆ ಅದು ನಕಲಿ ದಾಖಲೆ. ಅಲ್ಲಿಗೆ ಕಥೆ ಮುಗಿಯಿತು.

ಯಾವ ವರದಿ ಆರಿಸಬೇಕು? ಒಂದೇ ಥರದ ಹತ್ತು ಆಫೀಸುಗಳಿಗಿಂತ ಬೇರೆ ಬೇರೆ ಬಗೆಯ ನಾಲ್ಕು ಕಟ್ಟಡ ಮೇಲು. ಅದರಲ್ಲಿ ಒಂದು, ‘ಇದು ನನ್ನ ಕೈ ಮೀರಿದ್ದು, ತಜ್ಞರನ್ನು ಕರೆಸಿ’ ಅಂತ ನೀವೇ ಬರೆದುಕೊಟ್ಟದ್ದಾಗಿರಲಿ. ಹೊರಗೋಡೆಯ ಹೊದಿಕೆ ಎಂಥದ್ದು ಅಂತ ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ, ಅಂಥ ಕಡೆ ನಿಲ್ಲುವುದೂ ಕೌಶಲವೇ. ಸಾಧ್ಯವಾದರೆ ನೀವು ತಪ್ಪಿದ ಒಂದು ಕೇಸನ್ನೂ ಸೇರಿಸಿ. ಮುಂದಿನ ವರ್ಷ ಅದೇ ಕಟ್ಟಡಕ್ಕೆ ಹೋದಾಗ ಏನು ಬೇರೆ ಮಾಡಿದಿರಿ ಅಂತ ಬರೆದರೆ, ಎಲ್ಲವೂ ಸರಿ ಇರುವ ಐದು ವರದಿಗಿಂತ ಅದು ತೂಕದ್ದು.

ಪುರಾವೆ ನಿಲ್ಲುತ್ತದೆಯೇ?

ಒಪ್ಪಿಸಿದ ಪ್ರತಿ ಕಾಗದವನ್ನೂ ನಾಲ್ಕು ಪ್ರಶ್ನೆಯಿಂದ ಜಾಲಾಡುತ್ತಾರೆ. ಕೇಳಿದ ಅಂಶಕ್ಕೆ ಇದು ಸಂಬಂಧಪಟ್ಟದ್ದೇ? ನಿಮ್ಮದೇ ಕೆಲಸವೇ? ಇತ್ತೀಚಿನದೇ? ಸಾಕಷ್ಟಿದೆಯೇ?

ಎರಡನೆಯದು ತಂಡದಲ್ಲಿ ಕೆಲಸ ಮಾಡಿದವರಿಗೆ ತೊಡಕು. ವರದಿಯ ಮೇಲೆ ಸಹಿ ಬಾಸ್‌ನದ್ದು, ಸುತ್ತಾಡಿ ನೋಡಿದ್ದು ನೀವು. ಅಂಥಲ್ಲಿ ಯಾವ ಭಾಗ ನಿಮ್ಮದು ಅಂತ ಅವರಿಂದಲೇ ಬರೆಸಿ, ಸಹಿ ಹಾಕಿಸಿ. ಮೂರನೆಯದು ಹಳಬರಿಗೆ ತೊಡಕು. ಹತ್ತು ವರ್ಷದ ಹಿಂದಿನ ಅದ್ಭುತ ವರದಿ ಇದ್ದರೂ, ಅಂದಿನ ನಿಯಮ ಇಂದು ಬದಲಾಗಿದ್ದರೆ ಅದು ನಡೆಯುವುದಿಲ್ಲ. ಕಳೆದ ಎರಡು-ಮೂರು ವರ್ಷದ ಕೆಲಸವನ್ನೇ ಮುಂದಿಡಿ.

ಗಿರಾಕಿಯ ಹೆಸರು, ವಿಳಾಸ, ಭದ್ರತಾ ವಿವರ ಎಲ್ಲ ಅಳಿಸಿ. ಅವರ ಒಪ್ಪಿಗೆಯನ್ನೂ ಲಿಖಿತವಾಗಿ ಪಡೆಯಿರಿ. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಅಡಿಯಲ್ಲಿ ಅಕ್ಷರ ಹಾಗೇ ಉಳಿಯಬಹುದು. ಕಳಿಸುವ ಮೊದಲು ಕಾಪಿ-ಪೇಸ್ಟ್ ಮಾಡಿ ನೋಡಿ.

ಎದುರು ಕೂತು ಮಾತಾಡುವಾಗ

ಬಹಳಷ್ಟು ಕಡೆ ಕಾಗದದ ನಂತರ ಒಂದು ಮಾತುಕತೆ ಇರುತ್ತದೆ. ಇದು ಇಂಟರ್‌ವ್ಯೂ ಅಲ್ಲ. ನಿಮ್ಮದೇ ವರದಿ ಹಿಡಿದು ಕೆದಕುತ್ತಾರೆ. ‘ಮೆಟ್ಟಿಲು ಎರಡಿದ್ದಿದ್ದರೆ ಇದೇ ಆದ್ಯತೆ ಕೊಡುತ್ತಿದ್ದಿರಾ?’ ‘ಮಾಲೀಕರು ಮ್ಯಾಗ್ನೆಟ್‌ಗೆ ಖರ್ಚು ಮಾಡಲ್ಲ ಅಂದರೆ?’ ಇಲ್ಲಿ ‘ನಿಯಮದಲ್ಲಿ ಹಾಗಿದೆ’ ಅಂದುಬಿಡುವುದು ಅನುಭವಿಗಳ ದೊಡ್ಡ ಚಟ. ನಿಯಮ ಯಾಕೆ ಹಾಗಿದೆ ಅನ್ನುವುದು ಮುಂದಿನ ಪ್ರಶ್ನೆ ಆಗಿರುತ್ತದೆ. ಮೊದಲೇ ಒಬ್ಬ ಗೆಳೆಯರ ಮುಂದೆ ಕೂತು ಅರ್ಧ ಗಂಟೆ ಅಭ್ಯಾಸ ಮಾಡಿ. ಈ ಕೆಲಸ ಗೊತ್ತಿಲ್ಲದ ಗೆಳೆಯರಾದರೆ ಇನ್ನೂ ಒಳ್ಳೆಯದು, ಅವರು ‘ಯಾಕೆ’ ಅಂತ ಕೇಳುತ್ತಲೇ ಇರುತ್ತಾರೆ.

ಓದದೇ ಬಗೆಹರಿಯದ ಭಾಗ

ಖಾಲಿ ಜಾಗ ಹೆಚ್ಚಾಗಿ ಉಳಿಯುವುದು ಥಿಯರಿಯಲ್ಲಿ. ಬೆಂಕಿ ಹೇಗೆ ಬೆಳೆಯುತ್ತದೆ, ಹೊಗೆ ಹೇಗೆ ಹರಡುತ್ತದೆ, ಜನ ಹೇಗೆ ನಡೆದುಕೊಳ್ಳುತ್ತಾರೆ. ಕೊನೆಯದನ್ನು ಸರಿಯಾಗಿ ಓದಿ. ಅಲಾರಾಂ ಕೇಳಿದ ಕೂಡಲೇ ಜನ ಗಾಬರಿಯಿಂದ ಓಡುತ್ತಾರೆ ಅಂತ ನಾವೆಲ್ಲ ನಂಬಿರುತ್ತೇವೆ. ಹೆಚ್ಚಾಗಿ ಆಗುವುದು ಉಲ್ಟಾ. ಜನ ತಡ ಮಾಡುತ್ತಾರೆ. ಅಕ್ಕಪಕ್ಕ ನೋಡುತ್ತಾರೆ, ಫೋನ್ ಹುಡುಕುತ್ತಾರೆ, ಇದು ಡ್ರಿಲ್ಲಾ ಅಂತ ಕೇಳುತ್ತಾರೆ. ತಪ್ಪಿಸಿಕೊಳ್ಳಲು ಇರುವ ಸಮಯ, ತಪ್ಪಿಸಿಕೊಳ್ಳಲು ಬೇಕಾದ ಸಮಯ, ಇವೆರಡನ್ನೂ ಹೋಲಿಸುವಾಗ ಈ ತಡವನ್ನೂ ಲೆಕ್ಕಕ್ಕೆ ಸೇರಿಸಬೇಕು. ಡ್ರಿಲ್‌ಗಳಲ್ಲಿ ನೀವು ಇದನ್ನು ನೂರು ಸಲ ಕಣ್ಣಾರೆ ಕಂಡಿದ್ದೀರಿ. ಅದಕ್ಕೊಂದು ಹೆಸರು, ಒಂದು ಲೆಕ್ಕ ಇದೆ ಅಂತ ಪುಸ್ತಕದಲ್ಲಿ ಸಿಗುತ್ತದೆ.

ಲಿಖಿತ ಪರೀಕ್ಷೆ ಇದ್ದರೆ ಕೈಯಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಟೈಪ್ ಮಾಡಿ ರೂಢಿಯಾದವರ ಬೆರಳು ಒಂದು ಗಂಟೆಗೇ ಮುಷ್ಕರ ಹೂಡುತ್ತದೆ.

ಕಾಗದ ಬಂದ ಮೇಲೆ

ಅದರಲ್ಲಿ ಏನು ಬರೆದಿದೆಯೋ ಅಷ್ಟನ್ನೇ ಹೇಳಿಕೊಳ್ಳಿ. ಹೆಸರಿನ ನಂತರ ಹಾಕುವ ಅರ್ಹತೆಯ ಅಕ್ಷರಗಳು ಆಯಾ ಸಂಸ್ಥೆ ಕೊಟ್ಟಂತೆಯೇ ಇರಲಿ. ಸದಸ್ಯತ್ವ ಮುಗಿದ ದಿನವೇ ಲೆಟರ್‌ಹೆಡ್‌ನಿಂದ ತೆಗೆಯಿರಿ.

ನವೀಕರಣಕ್ಕೆ ನಿರಂತರ ಕಲಿಕೆಯ ದಾಖಲೆ ಕೇಳುತ್ತಾರೆ. ಅದನ್ನು ವರ್ಷದ ಕೊನೆಗೆ ಕೂತು ನೆನಪಿಸಿಕೊಂಡು ಬರೆಯಲು ಹೋದರೆ ಮತ್ತೆ ಅದೇ ಎಂಟು ಪದ ಬರುತ್ತದೆ. ಕಟ್ಟಡ ಬಿಡುವ ಮೊದಲು, ಗೇಟಿನ ಹತ್ತಿರವೇ ಹತ್ತು ನಿಮಿಷ ನಿಂತು ಫೋನಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳಿ: ಇವತ್ತು ಏನು ನೋಡಿದೆ, ಯಾವುದರಲ್ಲಿ ಅನುಮಾನ ಬಂತು, ಕೊನೆಗೆ ಏನು ತೀರ್ಮಾನಿಸಿದೆ, ಯಾಕೆ.