ತಲೆ ಬಾಚದ ಹುಡುಗಿ, ತುಂಬು ತೋಳಿನ ಹುಡುಗ

ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿಯವರೆಗೆ ಎಲ್ಲ ಮಕ್ಕಳೂ ಒಂದೇ ಕೋಣೆಯಲ್ಲಿ. ಬೆಂಚು ಇಲ್ಲ, ನೆಲದ ಮೇಲೆ ಗುಂಪಾಗಿ ಕೂರುತ್ತೇವೆ, ನಾನೂ ಅಷ್ಟೇ. ಹಾಗಾಗಿ ಮಗುವಿನ ಉಗುರು, ಕಿವಿ, ಕತ್ತು, ಕಿತ್ತುಹೋದ ಗುಂಡಿ ಎಲ್ಲ ಕಣ್ಣಿಗೆ ಬೀಳುತ್ತದೆ. ಮಕ್ಕಳನ್ನು ಮನೆಯಲ್ಲಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಗುರುತಿಸುವುದು ಹೇಗೆ? ತರಬೇತಿಯಲ್ಲಿ ಒಂದು ಪಟ್ಟಿ ಕೊಡುತ್ತಾರೆ. ಕೊಳಕು ಬಟ್ಟೆ, ಹಸಿವು, ಗೈರುಹಾಜರಿ. ಆ ಪಟ್ಟಿ ಹಿಡಿದುಕೊಂಡು ನಮ್ಮೂರಿಗೆ ಬಂದರೆ ಅರ್ಧ ಶಾಲೆಯ ತಂದೆ-ತಾಯಿ ಮೇಲೆ ದೂರು ಕೊಡಬೇಕಾಗುತ್ತದೆ.

ಯಾಕೆಂದರೆ ನಮ್ಮದು ಗುಳೆ ಹೋಗುವ ಊರು. ಸುಗ್ಗಿ ಮುಗಿದರೆ ಗಂಡ-ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಟುಬಿಡುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಅಂಥ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ತಲೆ ತುಂಬ ಹೇನು, ಗಂಟು ಬಿದ್ದ ಕೂದಲು. ಸೋಮವಾರ ಬಂತೆಂದರೆ ಬಿಸಿಯೂಟದಲ್ಲಿ ಮತ್ತೆ ಮತ್ತೆ ಅನ್ನ ಹಾಕಿಸಿಕೊಳ್ಳುತ್ತಿದ್ದಳು. ಮನೆಗೆ ಹೋಗಿ ನೋಡಿದೆ. ಅಜ್ಜಿಗೆ ಕಣ್ಣು ಮಂಜು, ಹೇನು ಹೇಗೆ ಕಾಣಬೇಕು? ಆದರೆ ಮೊಮ್ಮಗಳಿಗೆ ಜ್ವರ ಬಂದಾಗ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದ ಚೀಟಿ ಗೋಡೆಯ ಮೊಳೆಗೆ ಸಿಕ್ಕಿಸಿತ್ತು. ಅವ್ವ ರಾತ್ರಿ ಪಕ್ಕದ ಮನೆಯ ಫೋನಿಗೆ ಕರೆ ಮಾಡುತ್ತಿದ್ದಳು.

ಇದು ಬಡತನ. ನಿರ್ಲಕ್ಷ್ಯ ಬೇರೆ. ಮಗುವಿಗೆ ಬೇಕಾದದ್ದು ಮನೆಯಲ್ಲಿ ಇಲ್ಲವಾ, ಇದ್ದೂ ಕೊಡುತ್ತಿಲ್ಲವಾ? ಕಾಯಿಲೆ ಬಿದ್ದಾಗ ಯಾರಾದರೂ ಓಡಾಡುತ್ತಾರಾ? ನಾನು ಮೊದಲು ನೋಡುವುದು ಇಷ್ಟನ್ನೇ. ಕಾನೂನಿಗೂ ಈ ವ್ಯತ್ಯಾಸ ಗೊತ್ತಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮಗುವನ್ನು ಹಿಂಸಿಸಿದರೆ, ತೊರೆದರೆ, ಬೇಕೆಂದೇ ನಿರ್ಲಕ್ಷಿಸಿದರೆ ಮೂರು ವರ್ಷದವರೆಗೆ ಜೈಲು ಅನ್ನುತ್ತದೆ. ಹೆತ್ತವರು ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟಿದ್ದರೆ ಅವರಿಗೆ ಈ ಶಿಕ್ಷೆ ಇಲ್ಲ ಅಂತಲೂ ಅದೇ ಕಲಂ ಹೇಳುತ್ತದೆ. ಹುಡುಗಿಯ ವಿಷಯಕ್ಕೆ ಆಶಾ ಕಾರ್ಯಕರ್ತೆಯನ್ನು ಕರೆದೆ. ಹೇನಿಗೆ ಔಷಧಿ ಬಂತು, ಅಜ್ಜಿಯನ್ನು ಕಣ್ಣಿನ ಶಿಬಿರಕ್ಕೆ ಕಳಿಸಿದೆವು. ದೂರು ಗೀರು ಏನೂ ಬೇಕಾಗಲಿಲ್ಲ.

ಅದೇ ತರಗತಿಯ ಒಬ್ಬ ಹುಡುಗನ ಕತೆ ಪೂರ್ತಿ ಉಲ್ಟಾ. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಅಂಗಿ. ಮನೆಯಲ್ಲಿ ಬೈಕ್ ಇದೆ, ಟಿವಿ ಇದೆ. ಯಾವ ಪಟ್ಟಿಯಲ್ಲೂ ಅವನು ಸಿಗುತ್ತಿರಲಿಲ್ಲ. ನನಗೆ ಚುಚ್ಚಿದ್ದು ಅವನ ಬಟ್ಟೆ. ಮಾರ್ಚ್ ತಿಂಗಳ ರಾಯಚೂರು ಬಿಸಿಲಲ್ಲಿ ಸಮವಸ್ತ್ರ ಬಿಟ್ಟು ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು. ಹಾಜರಿ ಪುಸ್ತಕ ತಿರುವಿದರೆ ವಾರದ ಶುರುವಿನಲ್ಲಿ ಗೈರು, ಮಧ್ಯದಲ್ಲಿ ಹಾಜರು. ಗಾಯ ಮಾಸುವವರೆಗೆ ಮನೆಯಲ್ಲಿಟ್ಟುಕೊಳ್ಳುತ್ತಿದ್ದರು.

ಮಕ್ಕಳು ಬಿದ್ದೇ ಬೀಳುತ್ತಾರೆ. ಬಿದ್ದಾಗ ತರಚುವುದು ಮಂಡಿ, ಮೊಣಕೈ, ಹಣೆ, ಅಂದರೆ ಮುಂದಕ್ಕೆ ಚಾಚಿದ ಮೂಳೆಯ ಜಾಗಗಳು. ಬೆನ್ನು, ಪೃಷ್ಠ, ತೊಡೆಯ ಹಿಂಭಾಗ, ಕಿವಿಯ ಹಿಂದೆ ಕಂದಿದ್ದರೆ ಯೋಚಿಸಬೇಕು. ವೈರನ್ನು ಮಡಚಿ ಹೊಡೆದರೆ ಲಾಳದ ಆಕಾರದ ಬಾಸುಂಡೆ ಏಳುತ್ತದೆ. ಬೀಡಿಯಿಂದ ಸುಟ್ಟರೆ ದುಂಡನೆಯ ಕಲೆ. ಹಳೆಯ ಗಾಯದ ಪಕ್ಕ ಹೊಸದು ಇದ್ದರಂತೂ ಒಂದೇ ಸಲ ಬಿದ್ದ ಕತೆ ಹೊಂದುವುದಿಲ್ಲ. ಈ ಹುಡುಗನ ಮೀನಖಂಡದ ಮೇಲೆ ಲಾಳದ ಗುರುತು ಇತ್ತು.

ಒಬ್ಬನೇ ಇದ್ದಾಗ ಕೇಳಿದೆ: "ಇದು ಹೆಂಗಾತಪ್ಪ?"

"ಸೈಕಲ್ ಮ್ಯಾಲಿಂದ ಬಿದ್ನಿರಿ ಟೀಚರ್."

ಅಷ್ಟಕ್ಕೇ ಬಿಟ್ಟೆ. "ಅಪ್ಪ ಹೊಡೆದನಾ?" ಅಂತ ಕೇಳಬಾರದು. ಉತ್ತರವನ್ನು ನಾವೇ ಮಗುವಿನ ಬಾಯಿಗೆ ಇಟ್ಟ ಹಾಗಾಗುತ್ತದೆ. ಗದರಿಸಿ ಕೇಳಿದರಂತೂ ಮುಗಿದೇ ಹೋಯಿತು. ಸುಮ್ನೆ ಹತ್ತಿರ ಕೂರಿಸಿಕೊಂಡು ಕೆಲಸ ಕೊಡುತ್ತಿದ್ದೆ. ಕೆಲವು ದಿನ ಬಿಟ್ಟು ಕಾರ್ಡು ಜೋಡಿಸುತ್ತಾ ತಾನೇ ಹೇಳಿದ. ಕೊನೆಗೆ, "ಯಾರ ಮುಂದೂ ಹೇಳಬ್ಯಾಡ್ರಿ" ಅಂದ.

"ಊರಾಗ ಯಾರ ಮುಂದೂ ಹೇಳಂಗಿಲ್ಲ. ಆದ್ರ ನಿನಗ ಸಹಾಯ ಮಾಡೋರ ಮುಂದ ಹೇಳ್ಬೇಕಾಕ್ಕೈತಿ" ಅಂದೆ. ಗುಟ್ಟಾಗಿಡುತ್ತೇನೆ ಅಂತ ಮಾತು ಕೊಟ್ಟು ಆಮೇಲೆ ಮುರಿದರೆ ಆ ಮಗು ಮತ್ತೆ ಯಾರಿಗೂ ಬಾಯಿ ಬಿಡುವುದಿಲ್ಲ. (ಕೈಯಲ್ಲಿ ಕೋಲು ಹಿಡಿದ ಮೇಷ್ಟ್ರಿಗೆ ಯಾವ ಮಗುವೂ ಇದನ್ನು ಹೇಳುವುದಿಲ್ಲ. ಮಕ್ಕಳನ್ನು ಹೊಡೆಯಬಾರದು ಅನ್ನುವ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಕೋಲು ಇನ್ನೂ ಎಷ್ಟೋ ಕಡೆ ಮೇಜಿನ ಮೇಲೇ ಇದೆ.)

ಮಗು ಅತ್ತ ಹೋದ ಕೂಡಲೇ ಬರೆದುಕೊಂಡೆ. ತಾರೀಖು, ಗುರುತು ಎಲ್ಲಿತ್ತು, ಎಷ್ಟು ಉದ್ದ, ಮಗು ಆಡಿದ ಮಾತು ಆಡಿದ ಹಾಗೇ. "ತಂದೆ ಕ್ರೂರಿ" ಅಂತೆಲ್ಲ ಬರೆಯಲಿಲ್ಲ, ಅದು ನನ್ನ ಅನಿಸಿಕೆ ಅಷ್ಟೆ. ಫೋಟೋ ತೆಗೆಯಲಿಲ್ಲ. ಅದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹೋಗಲು ಎಷ್ಟು ಹೊತ್ತು ಬೇಕು?

ಮುಖ್ಯ ಶಿಕ್ಷಕರು ಹಿಂಜರಿದರು. "ಮನೆ ವಿಷಯ ಟೀಚರ್, ಸಾಕ್ಷಿ ಏನೈತಿ?" ಸಾಕ್ಷಿ ಹುಡುಕುವುದು ನಮ್ಮ ಕೆಲಸ ಅಲ್ಲವೇ ಅಲ್ಲ. ಅನುಮಾನಕ್ಕೆ ಕಾರಣ ಇದ್ದರೆ ಸಾಕು. ಅವರ ಎದುರೇ 1098ಕ್ಕೆ ಫೋನ್ ಮಾಡಿದೆ. ಮಕ್ಕಳ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. ಮಗುವಿನ ವಯಸ್ಸು ಎಷ್ಟು, ಈಗ ಎಲ್ಲಿದ್ದಾನೆ, ಇವತ್ತು ರಾತ್ರಿ ಅಪಾಯ ಇದೆಯಾ, ಮನೆಯಲ್ಲಿ ಮತ್ತ್ಯಾರಿದ್ದಾರೆ ಅಂತ ಕೇಳಿದರು. ಬರೆದಿಟ್ಟುಕೊಂಡಿದ್ದರಿಂದ ತಡವರಿಸಲಿಲ್ಲ. ಹೆಸರು ಹೇಳದೆಯೂ ತಿಳಿಸಬಹುದು. ನಾನು ಹೇಳಿದೆ, ಗುಟ್ಟಾಗಿಡಿ ಅಂತ ಕೇಳಿಕೊಂಡೆ.

ಮಕ್ಕಳ ರಕ್ಷಣಾ ಘಟಕದವರು ಬಂದರು, ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಆಯಿತು. ಮಗುವನ್ನು ವಶಕ್ಕೆ ತೆಗೆದುಕೊಂಡರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಅದರಲ್ಲಿ ಸೇರುವುದಿಲ್ಲ. ಫೋನ್ ಮಾಡಿದರೆ ಮಗುವನ್ನು ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ ಅನ್ನುವ ಭಯ ಊರಲ್ಲಿ ಜಾಸ್ತಿ. ಆದರೆ ಸಂಸ್ಥೆಗೆ ಕಳಿಸುವುದು ಕೊನೆಯ ದಾರಿ ಅಂತ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಸಮಿತಿಯವರು ಇವನನ್ನು ಸೋದರಮಾವನ ಮನೆಗೆ ಕಳಿಸಿದರು. ತಂದೆಗೆ ಆಪ್ತಸಮಾಲೋಚನೆ ಮಾಡಿಸಲು ಹೇಳಿದರು.

ಲೈಂಗಿಕ ದೌರ್ಜನ್ಯದ ಅನುಮಾನ ಆಗಿದ್ದರೆ ಮುಖ್ಯ ಶಿಕ್ಷಕರ ಜೊತೆ ಅಷ್ಟು ಮಾತಾಡುವ ಅವಕಾಶವೂ ಇರುತ್ತಿರಲಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯೂ ಇದೆ. ಮಗುವಿನ ಹೇಳಿಕೆ ಪಡೆಯಲು ಬರುವ ಪೊಲೀಸರು ಸಮವಸ್ತ್ರದಲ್ಲಿ ಇರುವಂತಿಲ್ಲ, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಊರ ಹಿರಿಯರು ಕಟ್ಟೆಯಲ್ಲಿ ಕೂತು ಮಾಡುವ ರಾಜಿಗೆ ಇಲ್ಲಿ ಬೆಲೆಯೇ ಇಲ್ಲ.

ಹುಡುಗನ ತಂದೆ ಒಂದು ಸಂಜೆ ಕುಡಿದು ಶಾಲೆಯ ಗೇಟಿಗೆ ಬಂದು ಕೂಗಾಡಿದ. ಯಾರು ಹೇಳಿದ್ದು ಅಂತ ಅವನಿಗೆ ಗೊತ್ತಿರಲಿಲ್ಲ, ಅನುಮಾನ ಇತ್ತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಬಂದು ಕಳಿಸಿದರು. ಅದೇ ವಾರ ಮುಖ್ಯ ಶಿಕ್ಷಕರೇ ಟಿಸಿ ಬರೆದು, ಮಾವನ ಊರಿನ ಶಾಲೆಗೆ ದಾಖಲಾತಿ ಮಾಡಿಸಿದರು. ಅಲ್ಲಿನ ಟೀಚರ್‌ಗೆ ನಾನು ಫೋನ್ ಮಾಡಿದೆ. ಮನೆಯ ಕತೆ ಹೇಳಲಿಲ್ಲ. ದನಿ ಏರಿಸಿದರೆ ಬೆಚ್ಚುತ್ತಾನೆ, ಕಳೆಯುವ ಲೆಕ್ಕ ಇನ್ನೂ ಬಂದಿಲ್ಲ, ಕರೆದುಕೊಂಡು ಹೋಗಲು ಮಾವನನ್ನು ಬಿಟ್ಟು ಬೇರೆ ಯಾರಾದರೂ ಬಂದರೆ ಕಳಿಸುವ ಮೊದಲು ರಕ್ಷಣಾ ಘಟಕಕ್ಕೆ ಫೋನ್ ಮಾಡಿ ಅಂದೆ. ನಂಬರ್ ಕೊಟ್ಟೆ.